ಬೇಲಿಯ ಗೌರಿ, ಕುಂಡದ ಗೌರಿ

ಹೊಸನಗರ ತಾಲೂಕಿನ ಓದುಗ ಸೋದರಿಯೊಬ್ಬರು ನಮಗೆ ಬರೆದ ಪತ್ರ ನಾಲ್ಕೈದು ಸಾಲಿನದು. ತೋಟದ ಹಳೆಯ ಬೇಲಿಯನ್ನು ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆಸಿದ ಮೇಲೆ ಕಳೆದ ಗೌರಿಹಬ್ಬಕ್ಕೆ ಮನೆಯವರಿಗೆ ಒಂದೇ ಒಂದು ಗೌರಿಹೂ ಸಿಗಲಿಲ್ಲವಂತೆ. ಪೇಟೆಯಿಂದ ತಂದ ಸೇವಂತಿಗೆಯಲ್ಲಿ ಪೂಜೆ ಮುಗಿಯಿತು. ಈಗ ನರ್ಸರಿಯೊಂದರಲ್ಲಿ ಅದೇ ಗೌರಿಹೂವಿನ ಗಡ್ಡೆಯನ್ನು ಮಾರುತ್ತಿದ್ದಾರೆ; ಕೊಳ್ಳಬಹುದೇ, ಕೊಂಡರೆ ಜಗಲಿಯ ಕುಂಡದಲ್ಲಿ ಬದುಕೀತೇ ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: 'ಬೇಲಿ ಕಿತ್ತ ದಿನ ನಾನೇ ಅಲ್ಲಿ ನಿಂತು ನೋಡುತ್ತಿದ್ದೆ, ಆಗ ಇದು ನೆನಪಿಗೆ ಬರಲಿಲ್ಲ.'

ಈ ಪತ್ರವನ್ನು ಬಳಗದ ಸಭೆಯಲ್ಲಿ ಓದಿದಾಗ ಒಮ್ಮತವೇನೂ ಮೂಡಲಿಲ್ಲ. ಕಣಿವೆ, ನದಿ, ಕಾನುಗಳ ಪ್ರಶ್ನೆಗಳು ಎದುರಿಗಿರುವಾಗ ಕುಂಡದ ಗಿಡದ ಆರೈಕೆಗೆ ಪುಟ ಕೊಡುವುದು ಎಷ್ಟು ಸರಿ ಎಂದು ಕೆಲವರು ಕೇಳಿದರು. ಮತ್ತೆ ಕೆಲವರದು ಇನ್ನೂ ಗಂಭೀರವಾದ ಆಕ್ಷೇಪ: ಕಾಡುಬಳ್ಳಿಯನ್ನು ಮನೆಯಲ್ಲಿ ಬೆಳೆಸುವ ವಿಧಾನ ಹೇಳಿಕೊಟ್ಟರೆ ಮರುದಿನವೇ ಗುದ್ದಲಿ ಹಿಡಿದು ಸೊಪ್ಪಿನಬೆಟ್ಟಕ್ಕೆ ಹೋಗುವವರಿರುತ್ತಾರೆ, ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ತಂದು ಅಂಗಳದ ಮಾವಿಗೆ ಕಟ್ಟಿ ಒಣಗಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇ ಎಂದು. ಎರಡೂ ಮಾತುಗಳಲ್ಲಿ ಹುರುಳಿದೆ. ಆದರೂ ಈ ಸಂಚಿಕೆಯ ಮೊದಲ ಪುಟವನ್ನು ಆ ಸೋದರಿಯ ಪ್ರಶ್ನೆಗೆ ಮೀಸಲಿಟ್ಟಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಸದ್ದಿಲ್ಲದೆ ಮಾಯವಾದದ್ದು ಯಾವುದು ಎಂದರೆ ಕಾಡಿಗಿಂತ ಮೊದಲು ಹೇಳಬೇಕಾದದ್ದು ಬೇಲಿ. ಬೇಲಿಯ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಗೌರಿಹೂವನ್ನು ಮಲೆನಾಡಿನವರಿಗೆ ಪರಿಚಯಿಸುವುದು ಅಧಿಕಪ್ರಸಂಗವಾದೀತು. ಆದರೆ ಹೂವನ್ನು ಬಲ್ಲವರೆಲ್ಲ ಗಿಡವನ್ನು ಬಲ್ಲರೆಂದು ಹೇಳಲಾಗದು. ರೋಹಿಣಿ, ಮೃಗಶಿರ ಮಳೆಗಳು ನೆಲವನ್ನು ನೆನೆಸಿದೊಡನೆ ಬೇಲಿಯ ಬುಡದಲ್ಲಿ ಚೂಪಾದ ಹಸಿರು ಮೊಳಕೆಯೊಂದು ಈಟಿಯಂತೆ ಮೇಲೇಳುತ್ತದೆ. ಅದಕ್ಕೆ ಬೇರೆ ಬಳ್ಳಿಗಳಂತೆ ಪ್ರತ್ಯೇಕ ಕುಡಿಬಳ್ಳಿಗಳಿಲ್ಲ. ಎಲೆಯ ತುದಿಯೇ ನೀಳವಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿಯುತ್ತದೆ. ಹೀಗೆ ಎಲೆಯ ಬೆರಳುಗಳಿಂದ ಲಕ್ಕಿ, ದಾಸವಾಳ, ಹಾಲುವಾಣಗಳ ಮೇಲೆ ಹತ್ತಿ ಪುಷ್ಯ, ಆಶ್ಲೇಷದ ವೇಳೆಗೆ ಆಳೆತ್ತರ ದಾಟಿ ಮೊಗ್ಗು ಬಿಡುತ್ತದೆ. ಮೊಗ್ಗು ನೆಲ ನೋಡುತ್ತದೆ, ಅರಳಿದಾಗ ಆರು ದಳಗಳೂ ಹಿಂದಕ್ಕೆ ಬಾಗಿ ಮುಗಿಲು ನೋಡುತ್ತವೆ. ಮೊದಲು ಹಸಿರು, ಆಮೇಲೆ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕೊನೆಗೆ ಇಡೀ ಹೂವೇ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಗೆಯ ಹೂ ಬಿಟ್ಟಿದೆಯೆಂದು ಮಕ್ಕಳು ಭ್ರಮಿಸುವುದು ಇದರಿಂದಲೇ. ಅಲೆಯಲೆಯಾದ ಅಂಚಿನ ಆ ದಳಗಳನ್ನು ಕಂಡವರು 'ಅಗ್ನಿಶಿಖೆ' ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಗಡ್ಡೆ ಕವಲೊಡೆದು ನೇಗಿಲಿನಂತೆ ಕಾಣುವುದರಿಂದ ಸಂಸ್ಕೃತದಲ್ಲಿ 'ಲಾಂಗಲಿ'. ಕನ್ನಡದಲ್ಲಿ ಕೋಳಿಕುಟುಮ, ಕರಡಿ ಕಣ್ಣಿನ ಗಡ್ಡೆ ಎಂಬ ಹೆಸರುಗಳೂ ಉಂಟು. ನಮ್ಮ ಸೀಮೆಗೆ ಅದು ಭಾದ್ರಪದದ ತದಿಗೆಯಂದು ಮನೆಗೆ ಬರುವ ಹೂ, ಆದ್ದರಿಂದ ಗೌರಿಹೂ. ಹಬ್ಬದ ಫಲಾವಳಿಗೆ ಕಾಡಿನಿಂದ, ತೋಟದಿಂದ ಆಯ್ದು ತಂದು ಕಟ್ಟುವ ಕಾಯಿ, ಹೂ, ಬಳ್ಳಿಗಳ ನಡುವೆ ಈ ಹೂವಿಗೊಂದು ಸ್ಥಾನವಿತ್ತು.

ಶಾಸ್ತ್ರಲೋಕ ಇದನ್ನು ಬಹು ಹಿಂದೆಯೇ ಗುರುತಿಸಿತು. ಡಚ್ಚರ ಕೊಚ್ಚಿಯಲ್ಲಿ ವಾನ್ ರೀಡ್ ಸಿದ್ಧಪಡಿಸಿದ 'ಹಾರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಇದರ ಚಿತ್ರವೂ ಮಲಯಾಳದ 'ಮೇಂದೋನ್ನಿ' ಎಂಬ ಹೆಸರೂ ಇವೆ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ಆ ಗ್ರಂಥಕ್ಕೆ ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗಭಟ್, ವಿನಾಯಕ ಪಂಡಿತ, ಅಪ್ಪುಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ತಮ್ಮ ಅರಿವನ್ನು ಧಾರೆಯೆರೆದರು. 1753ರಲ್ಲಿ ಲಿನೇಯಸ್ ಇದಕ್ಕೆ 'ಗ್ಲೋರಿಯೋಸಾ ಸುಪರ್ಬಾ' ಎಂದು ಹೆಸರಿಟ್ಟ. ವೈಭವ, ಭವ್ಯತೆ ಎರಡನ್ನೂ ಒಂದೇ ಗಿಡಕ್ಕೆ ಕಟ್ಟಿದ ಹೆಸರು. ಶಾಸ್ತ್ರಜ್ಞರೂ ಕೆಲವೊಮ್ಮೆ ಮೈಮರೆಯುತ್ತಾರೆ. ತಮಿಳುನಾಡು ಇದನ್ನು ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿತು, ಆಫ್ರಿಕದ ಜಿಂಬಾಬ್ವೆ ರಾಷ್ಟ್ರಪುಷ್ಪವೆಂದು. ಆಫ್ರಿಕದಿಂದ ಆಗ್ನೇಯ ಏಷ್ಯದವರೆಗೆ ಹಬ್ಬಿರುವ ಈ ಬಳ್ಳಿ ಜಗತ್ತಿನ ಲೆಕ್ಕದಲ್ಲಿ ಅಳಿವಿನಂಚಿನದಲ್ಲ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಒಂದು ಜೀವಜಾತಿ ಭೂಮಂಡಲದಲ್ಲಿ ಕ್ಷೇಮವಾಗಿದ್ದೂ ನಮ್ಮ ಊರಿನ ಬೇಲಿಯಿಂದ ಅಳಿದುಹೋಗಬಹುದು. ಆ ಸೋದರಿ ಕೇಳಿದ್ದು ಭೂಮಂಡಲದ ಲೆಕ್ಕವನ್ನಲ್ಲ.

ಇನ್ನು ಮುಂದಿನದನ್ನು ಓದುವ ಮೊದಲು, ವಿಷದ ಮಾತು. ಈ ಗಿಡದ ಗಡ್ಡೆ, ಬೀಜ, ಎಲೆ, ಹೂ ಎಲ್ಲದರಲ್ಲಿಯೂ ಕೊಲ್ಚಿಸಿನ್ ಎಂಬ ವಿಷವಿದೆ. ಗಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿರುವುದು ಸುಮ್ಮನೆ ಅಲ್ಲ. ಗಡ್ಡೆಯನ್ನು ಗೆಣಸೆಂದು ತಿಳಿದು ಬೇಯಿಸಿ ತಿಂದು ಸತ್ತವರ ಪ್ರಕರಣಗಳು ಶ್ರೀಲಂಕಾದಲ್ಲಿಯೂ ನಮ್ಮ ದೇಶದಲ್ಲಿಯೂ ದಾಖಲಾಗಿವೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ತಿಂದ ಕೆಲವು ಗಂಟೆಗಳವರೆಗೆ ಏನೂ ಆಗದಂತಿದ್ದು ಆಮೇಲೆ ವಾಂತಿ, ಭೇದಿ ಹಿಡಿಯುತ್ತವೆ. ಕಾಲರಾ ಇರಬೇಕೆಂದು ಮೋಸಹೋಗುವಷ್ಟು ತೀವ್ರವಾಗಿ. ಆಗ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಗಡ್ಡೆಯ ತುಂಡನ್ನೂ ಜೊತೆಗೆ ಕೊಂಡು ಆಸ್ಪತ್ರೆಗೆ ಧಾವಿಸಬೇಕು. ಹೆರಿಗೆಗೆಂದು, ಹಾವು ಕಚ್ಚಿದ್ದಕ್ಕೆಂದು ಗಡ್ಡೆ ತೇಯ್ದು ಕೊಡುವ ಪದ್ಧತಿ ಹಿಂದೆ ಇತ್ತು; ಹಿರಿಯರ ತಿಳಿವಿನ ಮೇಲೆ ನಮಗಿರುವ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇವೆ, ಅದನ್ನು ಯಾರೂ ಮಾಡಬಾರದು. ಕೆಸು, ಸುವರ್ಣಗಡ್ಡೆ, ಗೆಣಸುಗಳನ್ನು ಬೆಳೆಯುವ ಹಿತ್ತಿಲಿನ ಮಡಿಗೆ ಇದನ್ನು ಎಂದೂ ಸೇರಿಸಬಾರದು. ಅಂಬೆಗಾಲಿಡುವ ಮಗು ಇರುವ ಮನೆ, ಕರು ಬಿಟ್ಟಿರುವ ಅಂಗಳ, ಎರಡೂ ಈ ಕುಂಡಕ್ಕೆ ತಕ್ಕ ಜಾಗಗಳಲ್ಲ.

ಇದೇ ವಿಷ ಔಷಧವೂ ಹೌದು. ಗೌಟ್ ಎಂಬ ಸಂಧಿವಾತಕ್ಕೆ ಕೊಡುವ ಕೊಲ್ಚಿಸಿನ್ ಮಾತ್ರೆಗೆ ಗೌರಿಹೂವಿನ ಬೀಜ ಒಂದು ಮುಖ್ಯ ಮೂಲ. ಅದಕ್ಕಾಗಿ ತಮಿಳುನಾಡಿನ ಕರೂರು, ದಿಂಡಿಗಲ್, ತಿರುಪ್ಪೂರು ಭಾಗಗಳಲ್ಲಿ ರೈತರು ಹೊಲಗಳಲ್ಲಿ ಚಪ್ಪರ ಹಾಕಿ ಇದನ್ನು ಬೆಳೆಯುತ್ತಾರೆ. ಹೂವಿನ ಶಲಾಕೆ ಬುಡದಲ್ಲಿಯೇ ಅಡ್ಡಕ್ಕೆ ಬಾಗಿ ಕೇಸರಗಳಿಂದ ದೂರ ಚಾಚಿಕೊಂಡಿರುವುದರಿಂದ ಪರಾಗ ತಾನಾಗಿ ಸೇರುವುದು ವಿರಳ. ಕಾಡಿನಲ್ಲಿ ಆ ಕೆಲಸ ಚಿಟ್ಟೆಗಳದ್ದು, ಸೂರಕ್ಕಿಗಳದ್ದು. ಹೊಲದಲ್ಲಿಯಾದರೆ ಬೆಳಗಿನ ಹೊತ್ತು ಕೂಲಿಯವರು ಹೂವಿನಿಂದ ಹೂವಿಗೆ ನಡೆದು ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಅಂಥ ಹೊಲಗಳಿಗೆ ನಾಟಿಗಡ್ಡೆ ಬೇಕೆಂದು ಕಾಡಿನ ಗಡ್ಡೆಗಳಿಗೂ ಬೆಲೆ ಬಂತು. ಬೆಲೆ ಬಂದ ಗಡ್ಡೆ ನೆಲದಲ್ಲಿ ಉಳಿಯುವುದು ಕಷ್ಟ. ಹಾಗಾಗಿ ನರ್ಸರಿಯ ಕುಂಡವನ್ನು ಕಂಡಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದರ ಬೆಲೆಯದಲ್ಲ, ಈ ಗಡ್ಡೆ ಎಲ್ಲಿಂದ ಬಂತು ಎಂಬುದು. ಬೀಜದಿಂದ ಬೆಳೆಸಿದ್ದು, ಅಥವಾ ತಮ್ಮಲ್ಲಿಯೇ ವರ್ಷವರ್ಷ ಹೆಚ್ಚಿಸಿಕೊಂಡದ್ದು ಎಂದು ಮಾರುವವರು ಖಚಿತವಾಗಿ ಹೇಳಬಲ್ಲರಾದರೆ ಕೊಳ್ಳಬಹುದು. 'ಘಟ್ಟದಿಂದ ತರಿಸಿದ್ದು' ಎಂದರೆ ಕುಂಡವನ್ನು ಅಲ್ಲಿಯೇ ಬಿಟ್ಟು ಬನ್ನಿ.

ಈಗ ಆರೈಕೆಯ ವಿಷಯ. ಮನೆಯೊಳಗಿನ ಗಿಡವೆಂದು ಇದನ್ನು ಮಾರುವವರಿದ್ದಾರೆ. ನಡುಮನೆಯ ಮಬ್ಬಿನಲ್ಲಿ ಟೀವಿಯ ಪಕ್ಕ ಇಡಲು ಇದು ಮನಿಪ್ಲಾಂಟ್ ಅಲ್ಲ. ಕಾಡಿನಲ್ಲಿಯೂ ಇದು ಕಗ್ಗಾನಿನ ನೆರಳಿನ ಗಿಡವಲ್ಲ, ಅಂಚಿನ ಗಿಡ. ಬುಡಕ್ಕೆ ನೆರಳು, ನೆತ್ತಿಗೆ ಬಿಸಿಲು ಇದರ ಇಷ್ಟ. ಪೂರ್ವಕ್ಕೋ ದಕ್ಷಿಣಕ್ಕೋ ತೆರೆದ ಜಗಲಿಯ ಅಂಚು, ದಿನಕ್ಕೆ ನಾಲ್ಕೈದು ಗಂಟೆ ಬೆಳಕು ಬೀಳುವ ಕಿಟಕಿ, ಬೆಂಗಳೂರಿಗೆ ಹೋದ ನಮ್ಮ ಮಕ್ಕಳ ಮನೆಯ ಬಾಲ್ಕನಿ, ಇವು ನಡೆಯುತ್ತವೆ.

ಕುಂಡ ಒಂದು ಅಡಿಗಿಂತ ಕಿರಿದಾಗಬಾರದು, ಆಳವೂ ಅಷ್ಟೇ ಇರಲಿ. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಸಮಸಮವಾಗಿ ಸೇರಿದರೆ ಸಾಕು. ಹಸಿ ಸಗಣಿ ಬೇಡ, ಗಡ್ಡೆ ಕೊಳೆಯುತ್ತದೆ. ಗಡ್ಡೆಯನ್ನು ನಿಲ್ಲಿಸಿ ನೆಡಬಾರದು. ಮಲಗಿಸಿ ಮೇಲೆ ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಗಡ್ಡೆಯ ತುದಿಯಲ್ಲಿ ಮೊಳಕೆಯ ಕಣ್ಣಿರುತ್ತದೆ, ಕವಲೊಡೆದ ಗಡ್ಡೆಯಾದರೆ ಪ್ರತಿ ಕವಲಿಗೂ ಒಂದು. ಆ ತುದಿ ಮುರಿದರೆ ಉಳಿದ ಗಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. ಅರಿಯದೆ ಅಗೆದವರ ಕೈಯಲ್ಲಿ ಸಾಯುವ ಗಡ್ಡೆಗಳಿಗೆ ಬಹುತೇಕ ಕಾರಣ ಇದೇ. ಗಡ್ಡೆ ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು, ಆಮೇಲೆ ಸೋಪಿನಿಂದ ತೊಳೆಯಬೇಕು.

ನೀರಿನ ವಿಷಯದಲ್ಲಿ ನಮ್ಮ ಮೂರು ತಾಲೂಕಿಗೆ ಒಂದೇ ಮಾತು ಒಪ್ಪುವುದಿಲ್ಲ. ಸಾಗರದ ಪೂರ್ವಭಾಗದಲ್ಲಿ ಕುಂಡವನ್ನು ಅಂಗಳದಲ್ಲಿ ಬಯಲಿಗೆ ಇಟ್ಟರೂ ನಡೆದೀತು. ಆಗುಂಬೆಯ ಕಡೆ, ಹುಲಿಕಲ್ಲಿನ ಕಡೆ ಆಷಾಢದ ಮಳೆಗೆ ಬಯಲಲ್ಲಿಟ್ಟ ಕುಂಡ ಹದಿನೈದು ದಿನದಲ್ಲಿ ಕೆಸರಿನ ಗಡಿಗೆಯಾಗುತ್ತದೆ. ಅಲ್ಲಿ ಸೂರಂಚಿನ ಒಳಗೆ, ಇರಚಲು ಮಾತ್ರ ತಾಗುವಲ್ಲಿ ಇಡಬೇಕು. ಬೇಲಿಯ ದರೆಯ ಮೇಲೆ ಅದೇ ಮಳೆಗೆ ಗಡ್ಡೆ ಕೊಳೆಯದಿರುವುದೇಕೆಂದರೆ ನೀರು ಅಗಳಿಗೆ ಇಳಿದುಹೋಗುತ್ತದೆ, ಕುಂಡಕ್ಕೆ ಅಗಳಿಲ್ಲ. ತಳದ ತೂತಿನ ಮೇಲೆ ಹಂಚಿನ ಚೂರುಗಳನ್ನು ಕವುಚಿ ಹಾಕುವುದನ್ನು ಮರೆಯಬೇಡಿ.

ಹತ್ತಲು ಕಬ್ಬಿಣದ ಸರಳು ಕೊಟ್ಟವರು ಬಳ್ಳಿ ಜಾರುತ್ತದೆ ಎಂದು ದೂರುವುದುಂಟು. ಎಲೆಯ ತುದಿ ಹಿಡಿಯಬಲ್ಲದ್ದು ಸಣ್ಣ ಕಡ್ಡಿಯನ್ನು ಮಾತ್ರ. ಕವಲು ಕವಲಾದ ಲಕ್ಕಿಯ ಒಣಕೊಂಬೆಯೊಂದನ್ನು ಕುಂಡದಲ್ಲಿ ಊರಿಬಿಡಿ, ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ. ಮೊಳಕೆ ಬಹಳ ಪೆಡಸು, ಕೈತಾಗಿ ಮುರಿದರೆ ಆ ವರ್ಷದ ಕಥೆ ಬಹುಮಟ್ಟಿಗೆ ಮುಗಿದಂತೆ. ಕೋಳಿ ಕೆದರದಂತೆ ಬುಡಕ್ಕೆ ಮುಳ್ಳು ಮುಚ್ಚುವುದು ಒಳ್ಳೆಯದು. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಹುಳುವೊಂದು ಎಲೆಯನ್ನು ರಾತ್ರೋರಾತ್ರಿ ತಿಂದು ಮುಗಿಸುವುದುಂಟು. ಮನುಷ್ಯನನ್ನು ಕೊಲ್ಲುವ ಎಲೆ ಅದಕ್ಕೆ ಅನ್ನ. ಔಷಧ ಹೊಡೆಯುವ ಅಗತ್ಯವಿಲ್ಲ, ಕಡ್ಡಿಯಿಂದ ಆರಿಸಿ ತೆಗೆದರಾಯಿತು. ಬೇಲಿಯಲ್ಲಿ ಕಂಡರೆ ಅದನ್ನೂ ತೆಗೆಯಬೇಡಿ.

ದೀಪಾವಳಿಯ ಹೊತ್ತಿಗೆ ಬಳ್ಳಿ ಹಳದಿಯಾಗತೊಡಗುತ್ತದೆ. ಕುಂಡದಲ್ಲಿ ಬೆಳೆಸಿದವರು ಸೋಲುವುದು ಇಲ್ಲಿ. ಗಿಡ ಸೊರಗಿತೆಂದು ಗಾಬರಿಯಾಗಿ ನೀರು, ಗೊಬ್ಬರ ಸುರಿಯುತ್ತಾರೆ. ಗಿಡ ಸೊರಗಿಲ್ಲ, ಮಲಗಲು ಸಿದ್ಧವಾಗುತ್ತಿದೆ. ಹಳೆಯ ಗಡ್ಡೆ ತನ್ನನ್ನು ಸವೆಸಿಕೊಂಡು ಹೊಸ ಗಡ್ಡೆಯನ್ನು ಕಟ್ಟುವ ಕಾಲ ಅದು; ಎಲೆ ತಾನಾಗಿ ಒಣಗುವವರೆಗೆ ಬಳ್ಳಿಯನ್ನು ಕತ್ತರಿಸಬಾರದು. ಆಮೇಲೆ ನೀರು ಪೂರ್ತಿ ನಿಲ್ಲಿಸಿ ಕುಂಡವನ್ನು ಹಾಗೆಯೇ ಒಣಜಾಗದಲ್ಲಿ ಇಟ್ಟು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ವಿಷದ ಗಡ್ಡೆ' ಎಂದು ಬರೆದ ಹಲಗೆ ಚುಚ್ಚಬೇಕು. ಐದಾರು ತಿಂಗಳು ಬರಿಯ ಮಣ್ಣಿನ ಕುಂಡವನ್ನು ಮನೆಯಲ್ಲಿ ಇಟ್ಟುಕೊಳ್ಳುವ ತಾಳ್ಮೆ ಇಲ್ಲದವರು ಈ ಗಿಡದ ಗೋಜಿಗೆ ಹೋಗದಿರುವುದು ಲೇಸು. ಬೀಜದಿಂದ ಬೆಳೆಸುವವರಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಕಾಯಿ ಒಡೆದು ಕಿತ್ತಳೆಗೆಂಪಿನ ಬೀಜ ಕಂಡಾಗ ಆರಿಸಿ ಒಣಗಿಸಿಟ್ಟು ಮುಂದಿನ ಮಳೆಗೆ ಬಿತ್ತಿದರೆ ಹೂ ಕಾಣಲು ಮೂರು ನಾಲ್ಕು ಮಳೆಗಾಲ ಕಳೆಯುತ್ತದೆ. ನಮ್ಮ ಸಲಹೆ ಬೀಜದ ಕಡೆಗೇ.

ಇಷ್ಟೆಲ್ಲ ಹೇಳಿದ ಮೇಲೂ ಕುಂಡದ ಗೌರಿ ಬೇಲಿಯ ಗೌರಿಗೆ ಬದಲಿಯಲ್ಲ ಎಂಬುದು ಆ ಸೋದರಿಗೂ ಗೊತ್ತು. ಬೇಲಿ ಎಂದರೆ ಏನಾಗಿತ್ತು ನಮಗೆ? ಅಗಳು ತೋಡಿದ ಮಣ್ಣನ್ನು ದರೆಯಾಗಿ ಒಟ್ಟಿ ಅದರ ಮೇಲೆ ಲಕ್ಕಿ, ಹಾಲುವಾಣ, ಗ್ಲಿರಿಸಿಡಿಯಾ, ದಾಸವಾಳ ನೆಟ್ಟು, ನಡುವೆ ತಾನಾಗಿ ಬಂದ ನೂರು ಬಗೆಯ ಗಿಡಬಳ್ಳಿಗಳಿಗೆ ಅಡ್ಡಿಮಾಡದೆ ವರ್ಷಕ್ಕೊಮ್ಮೆ ಸವರಿ ಸೊಪ್ಪನ್ನು ಕೊಟ್ಟಿಗೆಗೋ ತೋಟಕ್ಕೋ ಹಾಕಿದ ವ್ಯವಸ್ಥೆ ಅದು. ಓತಿ, ಮುಂಗುಸಿ, ಬುಲ್ಬುಲಿಗಳ ವಸತಿ. ಕಾನಿನಿಂದ ಕಾನಿಗೆ ಚಿಟ್ಟೆಗಳು ಹಾಯುವ ದಾರಿ. ಅದು ಸೋರುತ್ತಿತ್ತು, ದನ ನುಗ್ಗುತ್ತಿತ್ತು, ಪ್ರತಿ ಬೇಸಿಗೆಗೂ ಆಳು ಬೇಕಿತ್ತು ಎಂಬುದೂ ನಿಜ. ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಬೇಲಿ ಕಟ್ಟಲು ಬಲ್ಲವರಿಲ್ಲ. ಮಂಗ, ಹಂದಿ, ಕಾಟಿಗಳ ಕಾಟ ಬೇರೆ. ತಂತಿಬೇಲಿ ಹಾಕಿಸಿದ ಕೃಷಿಕನನ್ನು ನಾವು ದೂರುವುದಿಲ್ಲ, ನಮ್ಮಲ್ಲಿ ಅನೇಕರ ತೋಟಕ್ಕೂ ತಂತಿ ಬಂದಿದೆ. ಆದರೆ ತಂತಿ ಹಾಕಲು ಹಳೆಯ ದರೆಯನ್ನು ಜೇಸಿಬಿಯಿಂದ ನೆಲಸಮ ಮಾಡಲೇಬೇಕೆಂಬ ನಿಯಮ ಎಲ್ಲಿದೆ? ದರೆಯ ಹೊರಗೋ ಒಳಗೋ ಮೂರಡಿ ಬಿಟ್ಟು ಕಂಬ ನೆಟ್ಟರೆ ತಂತಿಯೂ ಇರುತ್ತದೆ, ಬೇಲಿಯೂ ಇರುತ್ತದೆ. ಗಡಿಯ ಮೂರಡಿ ನೆಲಕ್ಕಾಗಿ ಅಣ್ಣತಮ್ಮಂದಿರು ನ್ಯಾಯಾಲಯಕ್ಕೆ ಅಲೆಯುವ ಸೀಮೆಯಲ್ಲಿ ಇದು ಸುಲಭದ ಮಾತಲ್ಲವೆಂದು ಬಲ್ಲೆವು.

ದರೆ ಉಳಿದಲ್ಲಿಯೂ ಕಳೆನಾಶಕ ಉಳಿಸುತ್ತಿಲ್ಲ. ಅಗಳಿನ ಅಂಚಿಗೆ ಒಮ್ಮೆ ಹೊಡೆದರೆ ಮೊಳಕೆಯೊಡೆದ ಗೌರಿಯ ಎಲೆ ಸುಟ್ಟು, ಗಡ್ಡೆ ಆ ವರ್ಷ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳಲಾಗದೆ ಸೊರಗುತ್ತದೆ. ಮೃಗಶಿರ, ಆರಿದ್ರಾ ಮಳೆಯ ನಡುವಿನ ಹೊಳವಿನಲ್ಲಿ ಔಷಧ ಹೊಡೆಯುವವರು ಬಹಳ, ಗೌರಿ ಮೊಳೆಯುವುದೂ ಆಗಲೇ. ರಸ್ತೆ ಅಗಲೀಕರಣದಲ್ಲಿ ಕೊರೆದ ದರೆಗಳ ಲೆಕ್ಕವನ್ನಂತೂ ಯಾರೂ ಇಟ್ಟಿಲ್ಲ. ಇನ್ನು ಅಕೇಶಿಯಾ. ಕಾಗದದ ಕಾರ್ಖಾನೆಗೆಂದು 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಹೋದ ನಮ್ಮ ಜಿಲ್ಲೆಯ ಅರಣ್ಯಭೂಮಿಯ ಅವಧಿ 2020ಕ್ಕೆ ಮುಗಿದಾಗ, ಕಾರ್ಖಾನೆ ಅದಾಗಲೇ 2015ರಲ್ಲಿ ಉತ್ಪಾದನೆ ನಿಲ್ಲಿಸಿದ್ದರೂ ಗುತ್ತಿಗೆ ನವೀಕರಣಕ್ಕೆ ಹೊರಟದ್ದನ್ನು ವಿರೋಧಿಸಿ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂಬ ಕೂಗು ಮಲೆನಾಡಿನಾದ್ಯಂತ ಎದ್ದದ್ದು ಓದುಗರಿಗೆ ನೆನಪಿದೆ. ಆ ನೆಡುತೋಪಿನೊಳಗೆ ನಡೆದು ನೋಡಿ. ಕೊಳೆಯದ ಎಲೆಗಳ ದಪ್ಪ ಹಾಸು, ಅದರಡಿಯಲ್ಲಿ ಒಣನೆಲ. ಗೌರಿ ಹಿಡಿದು ಹತ್ತಲು ಅಲ್ಲಿ ಒಂದು ಕಡ್ಡಿ ಪೊದೆಯಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ನಮ್ಮ ಬೆಟ್ಟಗಳನ್ನು ನುಂಗಿದ ಲಂಟಾನ ಒಂದು ಕಾಲದಲ್ಲಿ ತೋಟದ ಅಲಂಕಾರಕ್ಕೆಂದೇ ಈ ದೇಶಕ್ಕೆ ಬಂದದ್ದು. ಕೆರೆಗಳನ್ನು ಮುಚ್ಚಿದ ಅಂತರಗಂಗೆಯನ್ನೂ ಹೂವಿನ ಚೆಲುವಿಗೆ ಮರುಳಾಗಿಯೇ ತಂದರು. ಅದೇ ರೀತಿ ನಮ್ಮ ಗೌರಿಹೂವನ್ನು ತೋಟಕ್ಕೆಂದು ಒಯ್ದ ಆಸ್ಟ್ರೇಲಿಯದಲ್ಲಿ ಅದು ಪೂರ್ವ ಕರಾವಳಿಯ ಮರಳುದಿಬ್ಬಗಳ ಮೇಲೆ ಹಬ್ಬಿ ಅಲ್ಲಿನ ಸಸ್ಯಗಳನ್ನು ಒತ್ತರಿಸುವ ಕಳೆಯಾಗಿದೆ. ಇಲ್ಲಿ ಗೌರಿ, ಅಲ್ಲಿ ಮಾರಿ. ಹೊರದೇಶದಲ್ಲಿರುವ ಮಕ್ಕಳಿಗೆ ಹಬ್ಬದ ನೆನಪಿಗೆಂದು ಬೀಜ ಕಟ್ಟಿ ಕಳಿಸುವ ಆಸೆ ಯಾರಿಗಾದರೂ ಇದ್ದರೆ ದಯಮಾಡಿ ಬಿಟ್ಟುಬಿಡಿ. ಹಾಗೆಯೇ ನರ್ಸರಿಯಲ್ಲಿ ಹೆಸರು ತಿಳಿಯದ ಹೊರನಾಡಿನ ಬಳ್ಳಿಯನ್ನು ಕೊಂಡು, ಬೇಸರವಾದಾಗ ಕಿತ್ತು ಹೊಳೆಯ ಅಂಚಿಗೆ ಎಸೆಯುವ ಅಭ್ಯಾಸವನ್ನೂ.

ಕೊನೆಗೆ ಬಳಗದ ಸಭೆ ಎರಡು ಸಂಗತಿಗಳಲ್ಲಿ ಒಮ್ಮತಕ್ಕೆ ಬಂತು. ಕಾಡಿನಿಂದ, ಸೊಪ್ಪಿನಬೆಟ್ಟದಿಂದ, ಬೇರೆಯವರ ಬೇಲಿಯಿಂದ ಗಡ್ಡೆ ಅಗೆಯುವುದನ್ನು ನಮ್ಮ ಪತ್ರಿಕೆ ಯಾವ ಕಾರಣಕ್ಕೂ ಪ್ರೋತ್ಸಾಹಿಸುವುದಿಲ್ಲ. ಆದರೆ ಜೇಸಿಬಿ ಬರುವುದು ಖಚಿತವಾದ ದರೆಯಲ್ಲಿ ಗೌರಿ ಇದ್ದರೆ, ನೆಲದ ಒಡೆಯರ ಒಪ್ಪಿಗೆ ಪಡೆದು, ಬಳ್ಳಿ ಒಣಗಿದ ಮೇಲೆ ಬೇಸಿಗೆಯಲ್ಲಿ ಗಡ್ಡೆಯ ತುದಿ ಮುರಿಯದಂತೆ ಅಗೆದು ಹತ್ತಿರದ ಇನ್ನೊಂದು ಬೇಲಿಗೆ ಸ್ಥಳಾಂತರಿಸುವುದನ್ನು ನಾವು ಕದಿಯುವುದೆಂದು ಕರೆಯುವುದಿಲ್ಲ. ಕುಂಡಕ್ಕೆ ಒಂದು ಗಡ್ಡೆ ಇಟ್ಟುಕೊಂಡವರು ಮೂರನ್ನು ಬೇಲಿಗೆ ಕೊಡಲಿ ಎಂದು ಹಿರಿಯರೊಬ್ಬರು ಸೂಚಿಸಿದರು. ಈ ಲೆಕ್ಕ ಎಲ್ಲರಿಗೂ ಹಿಡಿಸಿತು.

ಹೊಸನಗರದ ಸೋದರಿಗೆ ನಮ್ಮ ಉತ್ತರ ಇದು: ನರ್ಸರಿಯ ಗಡ್ಡೆಯನ್ನು ಈಗಲೇ ಕೊಳ್ಳಬೇಡಿ. ರೋಹಿಣಿ ಮಳೆ ಬಿದ್ದು ಹದಿನೈದು ದಿನ ಕಳೆದ ಮೇಲೆ ನಿಮ್ಮ ತಂತಿಯ ಬುಡದುದ್ದಕ್ಕೂ ಒಮ್ಮೆ ನಡೆದು ನೋಡಿ. ಕಿತ್ತ ದರೆಯ ಮಣ್ಣನ್ನು ಎಲ್ಲಿ ಸುರಿದಿದ್ದಾರೋ ಅಲ್ಲಿಯೂ ನೋಡಿ. ತುದಿ ಉಳಿದ ಗಡ್ಡೆ ಇದ್ದರೆ ಅದು ಅಲ್ಲಿಂದಲೇ ಮೊಳೆಯಬಹುದು. ಕಂಡರೆ ಪಕ್ಕದಲ್ಲಿ ಒಂದು ಲಕ್ಕಿಯ ಕೊಂಬೆ ಊರಿ. ಕಾಣದಿದ್ದರೆ ನಮಗೆ ಒಂದು ಕಾರ್ಡು ಬರೆಯಿರಿ, ಕಾರ್ತಿಕದಲ್ಲಿ ಬೀಜ ಕಳಿಸುತ್ತೇವೆ. ಉಳಿದ ಓದುಗರೂ ಈ ಮಳೆಗಾಲದಲ್ಲಿ ತಮ್ಮ ಊರಿನ ಯಾವ ಬೇಲಿಯಲ್ಲಿ, ಯಾವ ದರೆಯ ಮೇಲೆ ಗೌರಿಹೂ ಬಿಟ್ಟಿದೆ, ಎಷ್ಟು ಬಳ್ಳಿಗಳಿವೆ, ಯಾವ ಗಿಡವನ್ನು ಹತ್ತಿವೆ ಎಂದು ಗೌರಿಹಬ್ಬದೊಳಗೆ ಬರೆದು ತಿಳಿಸಬೇಕಾಗಿ ಕೋರಿಕೆ. ಸ್ಥಳದ ವಿವರವನ್ನು ನಾವು ಅಚ್ಚು ಮಾಡುವುದಿಲ್ಲ.